ಎಂಟನೇ ಮನೆಯ ಹುಲ್ಲು

ನಾವಿದ್ದ ಸಾಲಿನಲ್ಲಿ ಎಂಟು ಮನೆ, ನಮ್ಮದು ಕೊನೆಯದು. ಒಮಾನಿನ ಸೊಹಾರ್ ಬಂದರಿಗೆ ಹೋಗುವ ರಸ್ತೆಯಿಂದ ಒಳಗೆ ತಿರುಗಿದರೆ ಕಂಪನಿಯ ಕ್ವಾರ್ಟರ್ಸು. ಇಡ್ಲಿ ತಟ್ಟೆಯಿಂದ ಎಬ್ಬಿಸಿಟ್ಟ ಹಾಗೆ ಒಂದೇ ತೆರನಾದ ಬಿಳಿ ಮನೆಗಳು, ಪ್ರತಿಯೊಂದರ ಮುಂದೆ ಏಳೆಂಟು ಚಾಪೆ ಹಾಸುವಷ್ಟು ಜಾಗ, ಆ ಜಾಗದ ತುಂಬ ಹುಲ್ಲು. ಏಳು ಮನೆಯ ಮುಂದೆ ತುಂಬ. ನಮ್ಮ ಮನೆ ಮುಂದೆ ಅಲ್ಲಲ್ಲಿ.

ಇದು ಎರಡು ಸಾವಿರದ ಆರನೇ ಇಸವಿಯ ಮಾತು. ಬಂದರಿನ ಸುತ್ತ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿದ್ದ ಕಾಲ. ನಮ್ಮ ಮನೆಯವರು, ರಾಜಗೋಪಾಲ ಅಂತ, ಬೆಳಿಗ್ಗೆ ಆರಕ್ಕೆ ಕಂಪನಿ ಬಸ್ಸು ಹತ್ತಿದರೆ ಸಂಜೆ ಏಳಕ್ಕೆ ಇಳಿಯುತ್ತಿದ್ದರು. ಇಳಿದು, ಸ್ನಾನ ಮಾಡಿ, ಊಟಕ್ಕೆ ಕೂತರೆ ತುತ್ತು ಕೈಯಲ್ಲಿರುವಾಗಲೇ ಕಣ್ಣು ಎಳೆಯುತ್ತಿತ್ತು. "ಹೇಳು ವೇದಾ, ಕೇಳಿಸ್ಕೋತಾ ಇದೀನಿ" ಅನ್ನುತ್ತಿದ್ದರು. ಕೇಳಿಸಿಕೊಳ್ಳುತ್ತಿರಲಿಲ್ಲ. ಅವರನ್ನು ಬೈದು ಏನು ಬಂತು. ಅವರಿಲ್ಲದ ಹದಿಮೂರು ಗಂಟೆ ನಾನು, ಮತ್ತೆ ನನ್ನ ಮಗ ನಂದನ್.

ಮೈಸೂರಲ್ಲಿ ನಾನು ವಠಾರದಲ್ಲಿ ಬೆಳೆದವಳು. ಗೋಡೆಯಾಚೆ ಒಗ್ಗರಣೆ ಸಿಡಿದರೆ ಈಚೆ ನಾನು ಸೀನಬೇಕು. ನಲ್ಲಿ ಹತ್ತಿರ ನಿಂತರೆ ಯಾರ ಮನೆ ಸೊಸೆ ಮುನಿಸಿಕೊಂಡಳು, ಯಾರ ಭಾವಮೈದುನನಿಗೆ ಹೆಣ್ಣು ಗೊತ್ತಾಯಿತು, ಎಲ್ಲ ಕೊಡ ತುಂಬುವುದರೊಳಗೆ ಗೊತ್ತಾಗಿಬಿಡಬೇಕು. ಅಂಥವಳನ್ನು ತಂದು ಇಲ್ಲಿ ಇಟ್ಟರೆ? ಪಕ್ಕದ ಮನೆಯಲ್ಲಿ ಕಂಪನಿ ಕ್ಲಿನಿಕ್ಕಿನ ಇಬ್ಬರು ಫಿಲಿಪೀನ್ಸಿನ ನರ್ಸುಗಳು, ರಾತ್ರಿ ಪಾಳಿ ಮುಗಿಸಿ ಹಗಲಿಡೀ ಮಲಗುವವರು. ಅದರಾಚೆ ಕೊರಿಯಾದವರೊಬ್ಬರು, ಎದುರು ಸಿಕ್ಕರೆ ಸೊಂಟ ಬಗ್ಗಿಸಿ ನಮಸ್ಕಾರ, ಮಾತಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಆ ರಸ್ತೆಯಲ್ಲಿ ಏಸಿಗಳ ಗುಂಯ್ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಎಷ್ಟೋ ದಿನ ನಾನು ಕುಕ್ಕರಿನ ಜೊತೆ ಮಾತಾಡಿದ್ದೇನೆ. ಅದು ಮೂರು ಸಲವಾದರೂ ಉತ್ತರ ಕೊಡುತ್ತಿತ್ತು.

ನಂದನ್‌ಗೆ ಆಗ ಒಂದು ವರ್ಷ ಎಂಟು ತಿಂಗಳು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಮಗು. ಒಂಬತ್ತು ವರ್ಷದ ತುಂಟಾಟ ಎಲ್ಲ ಒಟ್ಟಿಗೆ ಕಟ್ಟಿಕೊಂಡು ಬಂದಿತ್ತು. ಕೈಗೆ ಸಿಕ್ಕಿದ್ದನ್ನೆಲ್ಲ ಲಾನಿನಲ್ಲಿ ಹೂಳುವುದು ಅವನ ಉದ್ಯೋಗ. ಚಮಚ, ಬಾಚಣಿಗೆ, ಟಿವಿ ರಿಮೋಟು, ಅವರಪ್ಪನ ಕಂಪನಿ ಬ್ಯಾಡ್ಜು. ಹೂತು, ಮೇಲೆ ಎರಡು ಕೈಯಲ್ಲಿ ತಟ್ಟಿ, ನನ್ನ ಕಡೆ ತಿರುಗಿ, "ಇಲ್ಲ" ಅಂತ ಕೈ ಆಡಿಸುವುದು.

ಅವನ್ನೆಲ್ಲ ಹುಡುಕಿ ತೆಗೆಯುತ್ತಿದ್ದವರು ಮಮ್ಮದಣ್ಣ.

ಎಂಟು ಮನೆಯ ಹುಲ್ಲನ್ನು ನೋಡಿಕೊಳ್ಳುತ್ತಿದ್ದವರು ಅವರೇ. ವಿಟ್ಲದ ಕಡೆಯವರು, ನಲವತ್ತರ ಮೇಲೆ ವಯಸ್ಸು, ತಲೆಗೆ ಬೈರಾಸ್ ಟವೆಲು ಸುತ್ತಿಕೊಂಡು, ಸೈಕಲ್ಲಿನ ಹಿಂದೆ ಕತ್ತರಿ, ಸಣ್ಣ ಗುದ್ದಲಿ ಕಟ್ಟಿಕೊಂಡು ಭಾನುವಾರ ಒಂದು ಸಲ, ಬುಧವಾರ ಒಂದು ಸಲ ನಮ್ಮ ಮನೆಗೆ ಬರುತ್ತಿದ್ದರು. ಮೊದಲ ದಿನ ನಾನು ಹರಕು ಹಿಂದಿಯಲ್ಲಿ "ಪಾನಿ ಉಧರ್ ಹೈ" ಅಂದರೆ, ಅವರು ನಲ್ಲಿ ತಿರುಗಿಸುತ್ತಾ, "ನನಗೆ ಕನ್ನಡ ಬರ್ತದೆ ಅಕ್ಕ, ನಿಮ್ಮ ಹಿಂದಿಗೆ ಸುಮ್ಮನೆ ಯಾಕೆ ಕಷ್ಟ" ಅಂದಿದ್ದರು. ಅಷ್ಟು ದಿನಕ್ಕೆ ನಾನು ಬಾಯ್ತುಂಬ ನಕ್ಕದ್ದು ಆವತ್ತೇ.

ಆಮೇಲೆ ನನಗೆ ವಾರ ಅಂದರೆ ಎರಡೇ ದಿನ. ಅವರು ಗೋಡೆ ಪಕ್ಕ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಾ ಮಾತಾಡುತ್ತಿದ್ದರು, ನಾನು ಮೆಟ್ಟಿಲ ಮೇಲೆ ಹುರುಳಿಕಾಯಿ ಸೋಸುತ್ತಾ ಮಾತಾಡುತ್ತಿದ್ದೆ.

"ಅಕ್ಕಾ, ಇವತ್ತಿನ ಬೆಳೆ ಚಮಚ ಮೂರು, ಚಿಮಟ ಒಂದು. ರಿಮೋಟು ಇನ್ನೂ ಮೊಳಕೆ ಬರಲಿಲ್ಲ."

"ನೋಡಿ ಮಮ್ಮದಣ್ಣ, ಅದು ಸಿಗದಿದ್ರೆ ನಮ್ಮೋರು ಮನೆಗೇ ಬರಲ್ಲ."

"ಬರ್ತಾರೆ, ಬರ್ತಾರೆ. ಬಂದು ಎಂತ ಮಾಡ್ತಾರೆ, ನಿದ್ದೆ ಅಲ್ವಾ?"

ನಂದನ್ ಅವರನ್ನು ಮಮ್ಮಣ್ಣ ಅನ್ನುತ್ತಿದ್ದ. ಸೈಕಲ್ಲಿನ ಸದ್ದು ಕೇಳಿದರೆ ಸಾಕು, ಅರ್ಧ ಕಡಿದ ದೋಸೆ ಬಿಸಾಕಿ ಓಡುವನು. ಅವರು ಪೈಪಿನ ಬಾಯಿಗೆ ಹೆಬ್ಬೆರಳಿಟ್ಟು ನೀರನ್ನು ಹೂವಿನ ಹಾಗೆ ಚಿಮ್ಮಿಸುವರು, ಇವನು ಅದರಡಿ ಬತ್ತಲೆ ಕುಣಿಯುವನು. ಆಗ ಮಮ್ಮದಣ್ಣ ಮಾತು ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು. ಕೈಯಲ್ಲಿ ಪೈಪು ಹಾಗೇ, ನೀರು ಒಂದೇ ಕಡೆ ಸುರಿಯುತ್ತ ಕೆಸರಾದರೂ ಗೊತ್ತಾಗುತ್ತಿರಲಿಲ್ಲ.

"ನನ್ನ ರಸೀನಾ ಇವನಿಗಿಂತ ಹದಿನೈದು ದಿನ ದೊಡ್ಡವಳು," ಅನ್ನುತ್ತಿದ್ದರು. "ನಾನು ಹೊರಡುವಾಗ ಅವಳ ಉಮ್ಮನಿಗೆ ಏಳು ತಿಂಗಳು. ಫೋನಿನಲ್ಲಿ ಬಾಪಾ ಅಂತಾಳೆ. ಫೋನಿಗೇ ಬಾಪಾ ಅಂತ ಹೆಸರು ಅಂತ ತಿಳ್ಕೊಂಡಿದಾಳೆ ಅಂತ ಕಾಣ್ತದೆ." ಎರಡು ವರ್ಷ ಪೂರೈಸಿದರೆ ರಜೆ. ಮೇ ತಿಂಗಳಿಗೆ ಪೂರೈಸುತ್ತಿತ್ತು.

ಈಗ ನಾನು ಹೇಳಬೇಕಾದ ಮಾತು ಹೇಳಿಬಿಡುತ್ತೇನೆ. ಆ ನೋಟ ನನಗೆ ಹೆದರಿಕೆ ಹುಟ್ಟಿಸುತ್ತಿತ್ತು.

ಅವರು ಕೆಟ್ಟವರು ಅಂತಲ್ಲ. ಒಳ್ಳೆಯವರ ಕಣ್ಣೇ ಹೆಚ್ಚು ತಾಕುವುದು ಅಂತ ನಮ್ಮತ್ತೆ. ನವೆಂಬರಿನಲ್ಲಿ ಒಂದು ಬುಧವಾರ ಅವರು ಹೋದ ಮೇಲೆ ನಂದನ್‌ಗೆ ಜ್ವರ ಬಂತು. ಮೈಸೂರಿಗೆ ಫೋನ್ ಮಾಡಿದರೆ ಅತ್ತೆ ಮೊದಲು ಕೇಳಿದ್ದೇ, "ಯಾರು ಬಂದಿದ್ರು?" ಹೇಳಿದೆ. "ಅವನಿಗೆ ಮಕ್ಕಳಿದಾವಾ?" ಇದೆ, ನೋಡಿಲ್ಲ ಅಂದೆ. "ಅಯ್ಯೋ ಪೆದ್ದೆ, ತನ್ನ ಮಗು ಕಾಣದೆ ಇರೋನು ನಿನ್ನ ಮಗೂನ ಹೇಗೆ ನೋಡ್ತಾನೆ ಅಂತ ನಿನಗೆ ಹೊಳೀಲಿಲ್ವಾ? ಅವನು ಬಂದುಹೋದಾಗೆಲ್ಲ ದೃಷ್ಟಿ ತೆಗಿ. ಕಲ್ಲುಪ್ಪು ಎರಡೂ ಮುಷ್ಟಿ ತುಂಬ ತಗೋ, ನೀರಲ್ಲಿ ಕರಗಿಸು, ಬಚ್ಚಲಿಗೆ ಹಾಕ್ಬೇಡ, ಯಾರೂ ತುಳಿಯದ ಕಡೆ ಚೆಲ್ಲು."

ಅವತ್ತಿನಿಂದ ಶುರು. ಸೈಕಲ್ಲು ತಿರುವು ದಾಟುತ್ತಲೂ ನಂದನ್‌ನನ್ನು ಅಡುಗೆಮನೆಯಲ್ಲಿ ಮಣೆ ಮೇಲೆ ಕೂರಿಸಿ, ಹೋದೋರ ಕಣ್ಣು, ಬಂದೋರ ಕಣ್ಣು ಅಂತ ಮೂರು ಸುತ್ತು ನಿವಾಳಿಸುವುದು. ಅವನಿಗೆ ಅದು ಆಟ, ಕಣ್ಣು ಗಟ್ಟಿಯಾಗಿ ಮುಚ್ಚಿ ಕೂರುವನು. ಉಪ್ಪನ್ನು ಬಕೆಟ್ಟಿನಲ್ಲಿ ಕರಗಿಸಿ ಹೊರಗೆ ತಂದರೆ, ಯಾರೂ ತುಳಿಯದ ಕಡೆ ಎಲ್ಲಿದೆ? ಎದುರಿಗೆ ರಸ್ತೆ, ಪಕ್ಕ ನರ್ಸುಗಳ ಮನೆ. ಕಾಂಪೌಂಡು ಗೋಡೆಯ ಬುಡದಲ್ಲಿ, ಲಾನಿನ ನಲ್ಲಿಯ ಹಿಂದೆ, ಒಂದು ಸಂದು ಇತ್ತು. ಅಲ್ಲಿ ಸುರಿಯುತ್ತಿದ್ದೆ.

ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುವುದು ಪುಡಿ ಉಪ್ಪು. ಕಲ್ಲುಪ್ಪು ತಂದುಕೊಡುತ್ತಿದ್ದವರು ಮಮ್ಮದಣ್ಣನೇ, ಪಕ್ಕದ ಪೇಟೆ ಸಹಮ್‌ನಲ್ಲಿ ಅವರ ಪರಿಚಯದ ಅಂಗಡಿಯಿಂದ. "ಇಷ್ಟು ಉಪ್ಪು ಎಂತಕ್ಕೆ ಅಕ್ಕ, ಉಪ್ಪಿನಕಾಯಿಗಾ?" ಅಂದಾಗ ನಾನು ಹೂಂ ಅಂದೆ. "ಹಾಗಾದ್ರೆ ಒಂದು ಸಣ್ಣ ಬಾಟ್ಲಿ ನಮಗೂ ಇರಲಿ" ಅಂದರು.

ಫೆಬ್ರವರಿಯ ಹೊತ್ತಿಗೆ ಹುಲ್ಲು ಹಳದಿಯಾಗತೊಡಗಿತು. ಮೊದಲು ಗೋಡೆಯ ಬುಡ, ಆಮೇಲೆ ನಲ್ಲಿಯ ನೀರು ಹರಿಯುವ ದಾರಿ, ಆಮೇಲೆ ನಡುಮಧ್ಯ. ಮಮ್ಮದಣ್ಣ ಗೊಬ್ಬರ ಹಾಕಿದರು. ಹುಳದ ಮದ್ದು ಹೊಡೆದರು. ಗೋಡೆ ಬುಡದಿಂದ ಲಾನಿನ ತುದಿಯವರೆಗೆ ನೀರು ನಿಲ್ಲಿಸಿ ನೋಡಿದರು. ಬೇರೆ ಕಡೆಯಿಂದ ಹುಲ್ಲಿನ ತುಂಡು ಕಿತ್ತು ತಂದು ಹೊಲಿದ ಹಾಗೆ ಕೂರಿಸಿದರು. ಒಂದು ವಾರ ಹಸಿರು, ಮತ್ತೆ ಹುರಿಗಾಳಿನ ಬಣ್ಣ.

"ಇಲ್ಲಿಯ ಬಾವಿ ನೀರಲ್ಲೇ ಉಪ್ಪುಂಟು ಅಕ್ಕ, ಸಮುದ್ರ ಹತ್ತಿರ ಅಲ್ವಾ. ಈ ಜಾತಿ ಹುಲ್ಲು ಅಷ್ಟು ತಡೀತದೆ. ಆದ್ರೆ ಎಂಟು ಮನೆಗೂ ಅದೇ ನೀರು. ಇಲ್ಲಿಗೆ ಮಾತ್ರ ಎಂತ ಆಯ್ತು ಅಂತ," ಅಂದು ಸೋತವರ ಹಾಗೆ ನೆಲ ತಟ್ಟಿದರು. ನನ್ನ ತಲೆಗೆ ಆಗಲೂ ಏನೂ ಹೊಳೆಯಲಿಲ್ಲ. ದೃಷ್ಟಿಯ ಉಪ್ಪು ಬೇರೆ, ಸಾರಿನ ಉಪ್ಪು ಬೇರೆ ಅಂತ ಒಳಗೆಲ್ಲೋ ಅಂದುಕೊಂಡಿದ್ದೆನೋ ಏನೋ.

ಮಾರ್ಚಿನಲ್ಲಿ ಕ್ಯಾಂಪ್ ಆಫೀಸಿನ ವಾಲ್ಟರ್ ಬಂದು ನೋಡಿದರು. ಮಂಗಳೂರಿನವರು, ಕೆಟ್ಟ ಮನುಷ್ಯ ಏನಲ್ಲ, ಆದರೆ ಮೇಲಿನವರು ತಪಾಸಣೆಗೆ ಬರುವವರಿದ್ದರು. "ಬರುವ ಭಾನುವಾರದ ತನಕ ನೋಡ್ತೇನೆ," ಅಂದರು ಮಮ್ಮದಣ್ಣನಿಗೆ. "ಆಗದಿದ್ರೆ ನಿಮ್ಮನ್ನು ಇಬ್ರಿಯ ಸೈಟಿಗೆ ಹಾಕಿ ಇಲ್ಲಿಗೆ ಬೇರೆ ಜನ ತರ್ತೇನೆ. ನನಗೂ ಉತ್ತರ ಕೊಡ್ಲಿಕ್ಕೆ ಉಂಟು ಮಾರಾಯ್ರೆ."

ವಾಲ್ಟರ್ ಅವರ ಪಿಕಪ್ ಹೋದ ಮೇಲೆ ಮಮ್ಮದಣ್ಣ ಕೂತು ಕತ್ತರಿ ಉಜ್ಜಿದರು. ಆಮೇಲೆ ಹೇಳಿದರು. ದೂರದ ಒಳನಾಡಿನ ಇಬ್ರಿಯದು ಬೇರೆ ಕಂಟ್ರಾಕ್ಟು, ಬೇರೆ ಕಫೀಲ್, ಅಂದರೆ ವೀಸಾ ಕೊಡುವ ಯಜಮಾನನೇ ಬೇರೆ. ಅಲ್ಲಿಗೆ ಹೋದರೆ ಕಾಗದ ಹೊಸದು, ಎರಡು ವರ್ಷ ಮೊದಲಿನಿಂದ ಎಣಿಸಬೇಕು. ಮೇ ತಿಂಗಳ ರಜೆ ಇಲ್ಲ.

"ಆಗ ಅವಳು ಶಾಲೆಗೆ ಹೋಗ್ತಾಳೆ ಅಕ್ಕ, ನಾನು ಹೋಗುವಾಗ," ಅಂದರು.

ಅದಾಗಿ ನಾಲ್ಕನೇ ದಿನ, ಗುರುವಾರ. ಅಲ್ಲಿ ಆಗ ಗುರುವಾರ, ಶುಕ್ರವಾರ ವಾರದ ರಜೆ, ಆದರೂ ಮನೆಯವರಿಗೆ ಡ್ಯೂಟಿ ಇತ್ತು. ನಂದನ್ ಹೊರಗೆ ಸದ್ದಿಲ್ಲದೆ ಆಡುತ್ತಿದ್ದ. ಅವನು ಸದ್ದಿಲ್ಲದೆ ಇದ್ದರೆ ಏನೋ ಹೂಳುತ್ತಿದ್ದಾನೆ ಅಂತಲೇ ಅರ್ಥ. ಹೋಗಿ ನೋಡಿದರೆ ಗೋಡೆಯ ಬುಡದಲ್ಲಿ ಕೂತು, ಬೆರಳಲ್ಲಿ ಮಣ್ಣು ಒತ್ತಿ ಒತ್ತಿ ನೆಕ್ಕುತ್ತಿದ್ದಾನೆ. ಬಾಯಿಗೆ ಬೆರಳು ಹಾಕಿ ತೆಗೆಯಲು ಹೋದರೆ ಕಚ್ಚಿದ. ಆಮೇಲೆ, ನನಗೂ ಬೇಕೇನೋ ಅಂತ ಪಾಪ, ಒಂದು ಚಿಟಿಕೆ ತೆಗೆದು ನನ್ನ ತುಟಿಗೆ ಹಿಡಿದ.

"ಉಪ್ಪು," ಅಂದ.

ಒಣಗಿದ ಮಣ್ಣಿನ ಮೇಲೆ ಬೆಳ್ಳಗೆ ಪದರು ಕಟ್ಟಿತ್ತು. ನಾನೂ ನಾಲಿಗೆಗೆ ಇಟ್ಟೆ. ಇಟ್ಟು ಅಲ್ಲೇ ಕೂತುಬಿಟ್ಟೆ. ನಾಲ್ಕು ತಿಂಗಳು, ವಾರಕ್ಕೆ ಎರಡು ಸಲ, ಎರಡೂ ಮುಷ್ಟಿ ತುಂಬ. ಅಲ್ಲಿ ಸುರಿದದ್ದನ್ನು ಮಮ್ಮದಣ್ಣನೇ ಪಾಪ ಪೈಪು ಹಿಡಿದು ಲಾನಿನ ತುಂಬ ಹರಿಸಿದ್ದರು.

ಸಂಜೆ ಮನೆಯವರಿಗೆ ಹೇಳಿದೆ. ಆವತ್ತು ಮಾತ್ರ ಅವರಿಗೆ ನಿದ್ದೆ ಹಾರಿತು.

"ಸುಮ್ನೆ ಇದ್ದುಬಿಡು ವೇದಾ. ಇಂಜಿನಿಯರ್ ಹೆಂಡ್ತಿ ಉಪ್ಪು ನಿವಾಳಿಸಿ ಲಾನ್ ಸುಟ್ಟಳು ಅಂತ ಬಸ್ಸಲ್ಲೆಲ್ಲ ನಗ್ತಾರೆ."

"ಅವರ ರಜೆ ಹೋಗತ್ತೆ ಕಣ್ರೀ."

"ನಾನು ವಾಲ್ಟರ್ ಹತ್ರ ಬೇರೆ ಏನಾದ್ರೂ ಹೇಳ್ತೀನಿ. ಪೈಪ್ ಒಡೆದಿತ್ತು, ಹಾಗೇನಾದ್ರೂ." ಹೇಳಲಿಲ್ಲ. ಶುಕ್ರವಾರ ಮಲಗಿದರು, ಶನಿವಾರ ಬಸ್ಸು ಹತ್ತಿದರು.

ನಗುವವರು ನಗಲಿ ಅಂತ ನನಗಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಉಪ್ಪು ಅಂದರೆ ಯಾಕೆ ಅನ್ನುತ್ತಾರೆ. ದೃಷ್ಟಿ ಅಂದರೆ ಯಾರದ್ದು ಅನ್ನುತ್ತಾರೆ. ಆ ಊರಲ್ಲಿ ನನ್ನ ಮಗುವನ್ನು ನೋಡುತ್ತಿದ್ದ ಕಣ್ಣು ಎಷ್ಟು ಇದ್ದವು, ಹೇಳಿ.

ಭಾನುವಾರ ಒಂಬತ್ತು ಗಂಟೆಗೆ ವಾಲ್ಟರ್ ಬಂದರು. ಮಮ್ಮದಣ್ಣ ಆಗಲೇ ಬಂದು ಲಾನಿನ ಅಂಚು ಕತ್ತರಿಸುತ್ತಿದ್ದರು, ಕತ್ತರಿಸಲು ಏನೂ ಇರಲಿಲ್ಲ.

"ಏಳು ಮನೆಯಲ್ಲಿ ಫಸ್ಟ್ ಕ್ಲಾಸ್, ಎಂಟನೆಯದ್ದಕ್ಕೆ ಬರುವಾಗ ನಿಮಗೆ ಎಂತ ಆಗ್ತದೆ?" ಅಂದರು ವಾಲ್ಟರ್. "ಇಲ್ಲಿ ಆಡು ಗೀಡು ಕಟ್ಟಿದ್ರಾ?"

"ಆಡು ತಿಂದದ್ದಾದ್ರೆ ಹಬ್ಬಕ್ಕಾದ್ರೂ ಆಗ್ತಿತ್ತು ಸರ್," ಅಂದರು ಮಮ್ಮದಣ್ಣ. ನಗಲಿಲ್ಲ.

ವಾಲ್ಟರ್ ಜೇಬಿನಿಂದ ಒಂದು ಕಾಗದ ತೆಗೆದರು. ಅದರಲ್ಲಿ ಇಬ್ರಿ ಅಂತಲೇ ಇತ್ತೋ, ಬೇರೆ ಏನಿತ್ತೋ, ನಾನು ಕಾಯಲಿಲ್ಲ.

"ವಾಲ್ಟರ್ ಅವ್ರೇ, ತಪ್ಪು ಅವರದ್ದಲ್ಲ. ನಾನು ಆ ಗೋಡೆ ಬುಡಕ್ಕೆ ಉಪ್ಪು ಸುರಿದಿದೀನಿ. ನಾಲ್ಕು ತಿಂಗಳಿಂದ."

"ಉಪ್ಪಾ?"

"ಮಗೂಗೆ ದೃಷ್ಟಿ ತೆಗೆದು, ನೀರಲ್ಲಿ ಕರಗಿಸಿ. ಯಾರೂ ತುಳಿಯಲ್ಲ ಅಂತ ಅಲ್ಲಿ."

ವಾಲ್ಟರ್ ಬಗ್ಗಿ ಬೆರಳಲ್ಲಿ ಮಣ್ಣು ಮುಟ್ಟಿ, ನಾಲಿಗೆಗಿಟ್ಟು, ತುಪ್ಪಿ, ಪಿಕಪ್ಪಿನ ಬಾನೆಟ್ಟಿಗೆ ಒರಗಿ ನಗಲು ಶುರುಮಾಡಿದರು. ಕಣ್ಣಲ್ಲಿ ನೀರು ಬಂತು ಅವರಿಗೆ. "ನನ್ನ ಮಮ್ಮಿ ಕೂಡ ಹೀಗೆಯೇ ಅಕ್ಕ, ಮೆಣಸು, ಉಪ್ಪು. ಆದ್ರೆ ಅವರು ಒಲೆಗೆ ಹಾಕ್ತಿದ್ರು, ಬೆಳೆಗೆ ಹಾಕ್ಲಿಲ್ಲ. ಮಂಗಳವಾರ, ಶುಕ್ರವಾರ ಅಲ್ವಾ ತೆಗೆಯುವುದು?"

"ಹೂಂ," ಅಂದೆ. ಅದೊಂದು ಸುಳ್ಳು ಅಲ್ಲಿ ಬೇಕಿತ್ತು.

ಮಮ್ಮದಣ್ಣನ ಮುಖ ನೋಡಬೇಕಿತ್ತು ನೀವು. ಬೈರಾಸ್ ಬಿಚ್ಚಿ ಮುಖ ಒರೆಸಿಕೊಂಡರು, ಮತ್ತೆ ಸುತ್ತಿಕೊಂಡರು, ಮತ್ತೆ ಬಿಚ್ಚಿದರು. "ಹಾಗಾದ್ರೆ ಉಪ್ಪಿನಕಾಯಿ ಸುಳ್ಳು," ಅಂದರು. "ನಾನೇ ಸಹಮ್‌ನಿಂದ ಹೊತ್ತು ತಂದು ಕೊಟ್ಟದ್ದು ಸರ್, ಕಿಲೋಗಟ್ಲೆ. ಕೇಸು ನನ್ನ ಮೇಲೆಯೇ ಬರ್ಬೇಕು." ಈಗ ಅವರೂ ನಕ್ಕರು. ವಾಲ್ಟರ್ ಕಾಗದ ಮಡಚಿ ಜೇಬಿಗೆ ಹಾಕಿ, ಒಂದು ಗೇಣು ಮಣ್ಣು ತೆಗೆಸಿ ಹೊಸದು ಹಾಕಿಸುತ್ತೇನೆ, ನೀವು ಇಲ್ಲಿಯೇ ಇರಿ ಅಂದರು. ಮೂರು ಜನ ನಗುತ್ತಾ ನಿಂತಿದ್ದೆವು ಆ ಬೋಳು ನೆಲದ ಮೇಲೆ. ಆ ಮನೆಗೆ ಬಂದ ಮೇಲೆ ಅಷ್ಟು ದನಿ ಒಟ್ಟಿಗೆ ಕೇಳಿದ್ದು ಅದೇ ಮೊದಲು.

ಮಮ್ಮದಣ್ಣ ಪೈಪು ಸುತ್ತಿಟ್ಟು, ಸೈಕಲ್ಲಿನ ಸ್ಟ್ಯಾಂಡು ಒದ್ದು, "ಬರ್ತೇನೆ ಅಕ್ಕ" ಅಂದರು.

ನಂದನ್ ಒಳಗೆ ಓಡಿದ. ಅಡುಗೆಮನೆಯಿಂದ ಏನೋ ಎಳೆಯುವ ಸದ್ದು. ಮಣೆಯನ್ನು ನೆಲದ ಮೇಲೆ ಜಾರಿಸುತ್ತಾ ಹೊಸ್ತಿಲ ತನಕ ತಂದ, ಅದರ ಮೇಲೆ ಕೂತ, ಕಣ್ಣು ಗಟ್ಟಿಯಾಗಿ ಮುಚ್ಚಿದ.

"ಮಮ್ಮಣ್ಣ ಹೋದ. ಅಮ್ಮ, ಉಪ್ಪು."

ನಾನು ಅಲ್ಲಾಡಲಿಲ್ಲ. ಅವನಿಗೆ ತಡವಾಯಿತು. ಒಂದು ಕಣ್ಣು ತೆರೆದು ನೋಡಿ, ತನ್ನ ಕೈಯನ್ನೇ ಮುಷ್ಟಿ ಮಾಡಿ ತಲೆ ಸುತ್ತ ಸುತ್ತಿದ. "ಮಮ್ಮಣ್ಣ ಹೋದ," ಅಂತ ಮತ್ತೆ ಹೇಳಿದ, ಕಲಿಸಿಕೊಡುವವನ ಹಾಗೆ.

ವಾಲ್ಟರ್ ಅವರ ನಗು ನಿಂತಿತು. ಅವರು ಮೊಬೈಲು ತೆಗೆದು ನೋಡುತ್ತಾ ಪಿಕಪ್ಪಿನ ಕಡೆ ಹೋದರು. ಮಮ್ಮದಣ್ಣ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತಿದ್ದರು. ಭಾನುವಾರ, ಬುಧವಾರ ಅಂತ ಅವರು ಒಳಗೇ ಎಣಿಸುತ್ತಿರುವುದು ನನಗೆ ಕಾಣುತ್ತಿತ್ತು.

"ಹಾಕಿ ಅಕ್ಕ," ಅಂದರು. ದನಿಯಲ್ಲಿ ಕೋಪ ಇರಲಿಲ್ಲ. "ಮಗು ಕಾಯ್ತಾ ಉಂಟು. ಹಾಕಿ."

ಹೊಸ ಮಣ್ಣು ಬಂತು, ಹೊಸ ಹುಲ್ಲು ಬಂತು. ಏಪ್ರಿಲಿಗೆ ನಮ್ಮ ಮನೆ ಮುಂದಿನಷ್ಟು ಒತ್ತಾದ ಹುಲ್ಲು ಆ ಸಾಲಿನಲ್ಲಿ ಎಲ್ಲೂ ಇರಲಿಲ್ಲ. ಆದರೆ ಮಮ್ಮದಣ್ಣ ಬರುವ ಹೊತ್ತು ಬದಲಾಯಿತು. ಬೆಳಗಿನ ಜಾವ, ಬಸ್ಸಿಗೂ ಮುಂಚೆ, ನಂದನ್ ಏಳುವ ಮುಂಚೆ. ನಾನು ಬಾಗಿಲು ತೆರೆಯುವಾಗ ಹುಲ್ಲು ಒದ್ದೆ, ಸೈಕಲ್ಲು ಇಲ್ಲ. ಸಿಕ್ಕಿದ ಚಮಚಗಳನ್ನು ತೊಳೆದು ಮೆಟ್ಟಿಲ ಮೇಲೆ ಸಾಲಾಗಿ ಇಟ್ಟು ಹೋಗಿರುತ್ತಿದ್ದರು. ಒಂದು ದಿನ ರಿಮೋಟು ಕೂಡ ಇತ್ತು. ಅದರ ಬಗ್ಗೆ ಅವರು ಏನು ಹೇಳುತ್ತಿದ್ದರು ಅಂತ ನಾನೇ ಯೋಚಿಸಿ ನೋಡಿದೆ, ಬರಲಿಲ್ಲ.

ಭಾನುವಾರ, ಬುಧವಾರ ನಂದನ್ ಗೇಟಿನ ಸರಳು ಹಿಡಿದು ಒಂಬತ್ತರಿಂದ ಹತ್ತರ ತನಕ ನಿಲ್ಲುತ್ತಿದ್ದ. ಆಮೇಲೆ ಮರೆತುಬಿಡುತ್ತಿದ್ದ. ಮಣೆ ಕೇಳುವುದನ್ನೂ ಬಿಟ್ಟ.

ಒಂದು ಬುಧವಾರ ನಾನು ನಾಲ್ಕೂವರೆಗೇ ಎದ್ದು ಚಹಾ ಮಾಡಿಟ್ಟುಕೊಂಡು ಕೂತೆ. ಸೈಕಲ್ಲಿನ ಸದ್ದಾಗುತ್ತಲೂ ಬಾಗಿಲು ತೆರೆದೆ.

"ಬಿಸಿಲೇರುವ ಮೊದಲು ನೀರು ಬಿಡ್ಬೇಕಲ್ಲ ಅಕ್ಕ, ಅದಕ್ಕೆ ಬೇಗ," ಅಂದರು, ನಾನು ಕೇಳುವ ಮೊದಲೇ.

"ಮಮ್ಮದಣ್ಣ, ನಮ್ಮತ್ತೆ ಹೇಳಿದ್ರು ಅಂತ ನಾನು..."

"ಎಂತದ್ದೂ ಇಲ್ಲ ಅಕ್ಕ. ನಮ್ಮಲ್ಲಿಯೂ ಉಂಟು. ಮನೆಗೆ ಯಾರಾದ್ರೂ ಬಂದು ಹೋದ್ರೆ ರಸೀನಾಳಿಗೆ ಅವಳ ಉಮ್ಮ ಹಾಕ್ತಾಳೆ." ಚಹಾ ಊದಿ ಊದಿ ಕುಡಿದರು. "ಈಗ ನಾನು ಹೋಗಿ ಒಂದು ತಿಂಗಳು ಕೂತು ಬರ್ತೇನಲ್ಲ. ಆವಾಗಲೂ ಹಾಕ್ತಾಳೋ ಏನೋ."

ನಾನು ಒಳಗೆ ಹೋಗಿ, ನಿದ್ದೆಯಲ್ಲಿದ್ದ ನಂದನ್‌ನನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದೆ. ನೋಡಲಿ ಅಂತ. ಕಣ್ತುಂಬ ನೋಡಲಿ, ಏನಾಗುತ್ತೋ ಆಗಲಿ ಅಂತ.

ಮಮ್ಮದಣ್ಣ ತಲೆ ಎತ್ತಲಿಲ್ಲ. ನನ್ನ ಸೊಂಟದ ಹತ್ತಿರ ಜೋತಾಡುತ್ತಿದ್ದ ಅವನ ಪಾದಗಳ ಮೇಲೆ ಅವರ ಕಣ್ಣು ನಿಂತಿತು.

"ಕಾಲು ಬೆಳೆದಿದೆ ಇವನದ್ದು," ಅಂದರು. ಲೋಟ ಕೆಳಗಿಟ್ಟರು. "ಅಕ್ಕ, ಒಂದು ಅಳತೆ ತಕೊಳ್ಳಲಾ? ಅವಳಿಗೆ ಚಪ್ಪಲಿ ತಕೊಳ್ಳುವಾಗ ಎಷ್ಟು ದೊಡ್ಡದು ಅಂತ ಗೊತ್ತಾಗುವುದಿಲ್ಲ."

"ಕೇಳ್ಬೇಕಾ ಮಮ್ಮದಣ್ಣ, ತಗೊಳ್ಳಿ."

ಗೋಡೆ ಹತ್ತಿರ ಬಿದ್ದಿದ್ದ ಖರ್ಜೂರದ ಗರಿಯಿಂದ ಒಂದು ಸೀಳು ಎಳೆದರು. ಪಾದಕ್ಕೆ ಕೈ ತಾಗದ ಹಾಗೆ, ಹಿಮ್ಮಡಿಯಿಂದ ಹೆಬ್ಬೆರಳ ತನಕ ಹಿಡಿದು, ಉಗುರಲ್ಲಿ ಗುರುತು ಮಾಡಿ, ಅಲ್ಲಿಗೆ ಮುರಿದರು. ಗರಿ ತಾಗಿ ನಂದನ್‌ಗೆ ಕಚಗುಳಿಯಾಯಿತೇನೋ, ಕಾಲು ಎಳೆದುಕೊಂಡು ಎಚ್ಚರಾದ.

"ಮಮ್ಮಣ್ಣ," ಅಂದ.

"ಹೂಂ ಮಗಾ," ಅಂದರು ಅವರು, ನೆಲಕ್ಕೆ. ಗರಿಯ ತುಂಡನ್ನು ಅಂಗಿಯ ಜೇಬಿಗೆ ಹಾಕಿ, ಮೇಲಿಂದ ಒಮ್ಮೆ ಮುಟ್ಟಿ ನೋಡಿಕೊಂಡು, ಪೈಪು ಎತ್ತಿದರು.

"ಮಮ್ಮಣ್ಣ, ನೋಡು."

"ಬಿಸಿಲು ಬಂತು ಅಕ್ಕ," ಅಂದರು. "ಒಳಗೆ ಕರ್ಕೊಂಡು ಹೋಗಿ."

ಬಿಸಿಲು ಇನ್ನೂ ನೀರಿನ ಟ್ಯಾಂಕಿನ ತುದಿಗೂ ತಾಕಿರಲಿಲ್ಲ. ನಾನು ಅವನನ್ನು ಕರೆದುಕೊಂಡು ಒಳಗೆ ಬಂದೆ.